ಹನ್ನೊಂದು ತಿಂಗಳ ಕಾವಲು

ಹೆಣ್ಣುಕುದುರೆ ಗಬ್ಬ ಹೊರುವುದು ಹನ್ನೊಂದು ತಿಂಗಳು. ಲೆಕ್ಕಕ್ಕೆ 340 ದಿನ ಎನ್ನುತ್ತಾರೆ, ಆದರೆ 320ಕ್ಕೇ ಈಯುವವೂ ಇವೆ, 360 ದಾಟಿಸುವವೂ ಇವೆ. ಒಂದು ಸೂಲಿಗೆ ಒಂದೇ ಮರಿ. ನಾಲ್ಕು ಹೆಣ್ಣು, ಒಂದು ಗಂಡು ಇಟ್ಟುಕೊಂಡ ಸಣ್ಣ ಫಾರಮ್ಮಿನಲ್ಲಿ ವರ್ಷಕ್ಕೆ ಎರಡೋ ಮೂರೋ ಮರಿ ಬದುಕಿ ನಿಂತರೆ ಅದು ಒಳ್ಳೆಯ ವರ್ಷ. ಉಳಿದ ಕೆಲಸವೆಲ್ಲ, ಅಂದರೆ ಮೇವು, ನೀರು, ಲದ್ದಿ, ಗೊರಸು, ರಾತ್ರಿಯ ಕಾವಲು, ಆ ಎರಡು ಮೂರು ಮರಿಗಳಿಗಾಗಿಯೇ ನಡೆಯುತ್ತದೆ.

ಇಂದಿನ ತೆಲಂಗಾಣದ ಕಂಗ್ಟಿ, ನಾರಾಯಣಖೇಡ, ಜಹೀರಾಬಾದ್ ಸೀಮೆಯ ರೈತನಿಗೆ ಪಶುಪಾಲನೆ ಹೊಸದಲ್ಲ. 1956ರವರೆಗೆ ಬೀದರ ಜಿಲ್ಲೆಗೇ ಸೇರಿದ್ದ ಈ ನಾಡಿನಲ್ಲಿ ದೇವಣಿ ತಳಿಯ ದನಗಳನ್ನು ತಲೆಮಾರುಗಳಿಂದ ಕಟ್ಟಿ ಬೆಳೆಸಿದ್ದಾರೆ. ಆದರೆ ದನದ ಕೊಟ್ಟಿಗೆಯ ಬುದ್ಧಿಯನ್ನು ಹಾಗೆಯೇ ಕುದುರೆಯ ಲಾಯಕ್ಕೆ ಒಯ್ದರೆ ನಷ್ಟವೇ ಹೆಚ್ಚು. ಹಸು ಒಂದೇ ಸಲಕ್ಕೆ ಹೊಟ್ಟೆ ತುಂಬಿಕೊಂಡು ಆಮೇಲೆ ಮೆಲುಕು ಹಾಕುತ್ತದೆ. ಕುದುರೆಗೆ ಮೆಲುಕಿಲ್ಲ. ಅದರ ಜಠರ ಮೈಯ ಗಾತ್ರಕ್ಕೆ ಹೋಲಿಸಿದರೆ ತೀರ ಚಿಕ್ಕದು, ಎಂಟರಿಂದ ಹದಿನೈದು ಲೀಟರ್ ಹಿಡಿದರೆ ಹೆಚ್ಚು. ಅದಕ್ಕೇ ಬಯಲಿನಲ್ಲಿ ಬಿಟ್ಟ ಕುದುರೆ ದಿನದ ಹೆಚ್ಚಿನ ಹೊತ್ತು ಸ್ವಲ್ಪ ಸ್ವಲ್ಪವಾಗಿ ಮೇಯುತ್ತಲೇ ಇರುತ್ತದೆ. ಇನ್ನೊಂದು ಮಾತು: ಕುದುರೆಗೆ ವಾಂತಿಯಾಗುವುದಿಲ್ಲ. ತಿಂದದ್ದು ಕೆಟ್ಟದ್ದಾದರೂ ಹೊಟ್ಟೆಯಲ್ಲೇ ಉಳಿದು ಮುಂದಕ್ಕೆ ಸಾಗಬೇಕು. ಮೇವಿನ ವಿಷಯದಲ್ಲಿ ಕುದುರೆ ಸಾಕುವವರು ತೋರಿಸುವ ಅತಿ ಎಚ್ಚರಕ್ಕೆ ಇದೇ ಕಾರಣ.

ದಿನ ಶುರುವಾಗುವುದು ಬೆಳಕು ಹರಿಯುವ ಮೊದಲು. ಲಾಯಕ್ಕೆ ಬಂದವನು ಮೇವು ಹಾಕುವುದಕ್ಕೂ ಮೊದಲು ನೋಡುವುದು ಲದ್ದಿಯನ್ನು. ರಾತ್ರಿಯಿಡೀ ಲದ್ದಿ ಹಾಕದ ಕುದುರೆ, ಗೋದಲಿಯಲ್ಲಿ ಮೇವು ಬಿಟ್ಟ ಕುದುರೆ, ನೆಲಕ್ಕೆ ಉರುಳಿ ಉರುಳಿ ಏಳುತ್ತಾ ತನ್ನ ಪಕ್ಕೆಯನ್ನೇ ತಿರುಗಿ ನೋಡುವ ಕುದುರೆ, ಇವು ಹೊಟ್ಟೆಶೂಲೆಯ ಗುರುತು. ಕುದುರೆಗಳ ಸಾವಿಗೆ ದೊಡ್ಡ ಕಾರಣಗಳಲ್ಲಿ ಇದೂ ಒಂದು. ಅಂಥ ಗುರುತು ಕಂಡ ಕೂಡಲೇ ಮೇವು ತೆಗೆದು ಪಶುವೈದ್ಯರನ್ನು ಕರೆಸಬೇಕು. ಗಂಟೆಗಟ್ಟಲೆ ಕಾದು ನೋಡುವ ರೋಗವಲ್ಲ ಅದು. ಎಲ್ಲ ಸರಿಯಿದ್ದರೆ ಮೊದಲು ನೀರು, ಆಮೇಲೆ ಒಣಹುಲ್ಲು, ಕೊನೆಗೆ ಕಾಳು. ಒಂದು ಕುದುರೆಗೆ ದಿನಕ್ಕೆ 25ರಿಂದ 40 ಲೀಟರ್ ನೀರು ಬೇಕು. ಬೇಸಗೆಯಲ್ಲಿ, ಅದರಲ್ಲೂ ಹಾಲೂಡುವ ಕುದುರೆಗೆ, ಅದಕ್ಕಿಂತ ಬಹಳ ಹೆಚ್ಚು ಹಿಡಿಯುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಬೋರು ಬತ್ತುವ ಊರಲ್ಲಿ ಎಷ್ಟು ಕುದುರೆ ಸಾಕಬಹುದು ಎಂಬುದನ್ನು ಭೂಮಿಗಿಂತ ಮೊದಲು ನೀರೇ ತೀರ್ಮಾನಿಸುತ್ತದೆ.

ಒಣಮೇವು ಮೈತೂಕದ ಶೇ. 1.5ರಿಂದ 2ರಷ್ಟು ಬೇಕು. ಒಣಹುಲ್ಲಿನ ಜೊತೆ ಕುದುರೆ ಮಸಾಲೆ ಸೊಪ್ಪು ಕೊಡುತ್ತಾರೆ. ಕನ್ನಡದಲ್ಲಿ ಆ ಮೇವಿನ ಹೆಸರಿನಲ್ಲೇ ಕುದುರೆ ಇದೆ. ಹುರುಳಿಯನ್ನು ಇಂಗ್ಲಿಷಿನವರು ಕುದುರೆಯ ಕಾಳು ಎಂದೇ ಕರೆದರು. ಅದನ್ನು ನೆನೆಸಿ ಅಥವಾ ಬೇಯಿಸಿ ಕೊಡುವುದು ದಖ್ಖನಿನ ಹಳೆಯ ರೂಢಿ. ಈ ಭಾಗದ ಸಾಂಪ್ರದಾಯಿಕ ಬೆಳೆ ಜೋಳ ಮಾತ್ರ ಕುದುರೆಗೆ ಅಷ್ಟು ಒಗ್ಗುವುದಿಲ್ಲ. ಎಳೆ ಜೋಳದ ಪೈರಿನಲ್ಲಿ ಸಯನೈಡ್ ವಿಷ ಹುಟ್ಟುತ್ತದೆ ಎಂಬುದು ದನ ಸಾಕುವ ಎಲ್ಲರಿಗೂ ಗೊತ್ತು. ಕುದುರೆಯಲ್ಲಿ ಇನ್ನೊಂದು ತೊಂದರೆಯೂ ಇದೆ. ಹಸಿ ಜೋಳವನ್ನು ವಾರಗಟ್ಟಲೆ ಮೇಯ್ದರೆ ಮೂತ್ರಕೋಶ ಕೆಡುತ್ತದೆ, ಹಿಂಗಾಲಿನ ಹಿಡಿತ ತಪ್ಪುತ್ತದೆ, ಗಬ್ಬದ ಕುದುರೆಯಾದರೆ ಕಂದು ಹಾಕುವ ಭಯವೂ ಇದೆ. ಚೆನ್ನಾಗಿ ಒಣಗಿದ ಕಣಿಕಿಯಲ್ಲಿ ಈ ಅಪಾಯ ಕಡಿಮೆ. ಮಳೆಗಾಲದಲ್ಲಿ ಬೂಸು ಹಿಡಿದ ಮೇವು, ಅದರಲ್ಲೂ ಬೂಸು ಹಿಡಿದ ಮೆಕ್ಕೆಜೋಳ, ಕುದುರೆಯ ಮೆದುಳಿಗೇ ಹೊಡೆಯಬಲ್ಲದು.

ಮೇವಾದ ಮೇಲೆ ಲಾಯ ಗುಡಿಸಿ, ಒದ್ದೆ ಹುಲ್ಲು ತೆಗೆದು, ಕುದುರೆಗಳನ್ನು ಬಯಲಿಗೆ ಬಿಡುತ್ತಾರೆ. ಓಡಾಟ ಕುದುರೆಗೆ ಮೇವಿನಷ್ಟೇ ಮುಖ್ಯ. ಗೂಟಕ್ಕೆ ಕಟ್ಟಿಹಾಕಿದ ಮರಿಯ ಮೂಳೆ ಗಟ್ಟಿಯಾಗುವುದಿಲ್ಲ. ಬಿಸಿಲೇರುವ ಮೊದಲು ಮೈಯುಜ್ಜಿ ನಾಲ್ಕೂ ಗೊರಸನ್ನು ಎತ್ತಿ ನೋಡಬೇಕು. ಜಹೀರಾಬಾದ್ ಕಡೆಯ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಹರಳು ಸಿಕ್ಕಿಕೊಳ್ಳುತ್ತದೆ. ಎರೆಹೊಲದಲ್ಲಿ ಮಳೆ ಬಿದ್ದರೆ ಕೆಸರು ಗೊರಸಿಗೆ ಅಂಟಿ, ಗೊರಸಿನ ಅಡಿ ಕೊಳೆತು ನಾರುತ್ತದೆ. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಹೆರೆಯಲು ಲಾಳ ಕಟ್ಟುವವರು ಬರಬೇಕು. ಊರಿಗೊಬ್ಬರಂತೆ ಇದ್ದ ನಾಲಬಂದರು ಎತ್ತಿನ ಬಂಡಿಗಳ ಜೊತೆಗೇ ಕಡಿಮೆಯಾಗಿರುವುದು ಇಂದಿನ ಸಣ್ಣ ಫಾರಂಗಳ ನಿಜವಾದ ಕೊರತೆ. ಕುದುರೆಗೆ ಬೆಲೆ ತರುವುದು ಅದರ ಕಾಲು, ಆ ಕಾಲನ್ನು ಉಳಿಸುವ ಕೈಗಳೇ ಊರಲ್ಲಿ ಇಲ್ಲವಾಗುತ್ತಿವೆ.

ಈ ಸೀಮೆಯಲ್ಲಿ ಕುದುರೆ ಸಾಕುವ ಕಷ್ಟದ ಬಗ್ಗೆ ಹಳೆಯ ಸಂಗತಿಯೊಂದನ್ನು ನೆನೆಯಬೇಕು. 1470ರ ಆಸುಪಾಸಿನಲ್ಲಿ ರಷ್ಯಾದ ತ್ವೇರ್ ಪಟ್ಟಣದ ಅಫನಾಸಿ ನಿಕಿತಿನ್ ಎಂಬ ವ್ಯಾಪಾರಿ ಒಂದೇ ಒಂದು ಗಂಡುಕುದುರೆಯನ್ನು ಹಡಗಿನಲ್ಲಿ ಚೌಲ್ ಬಂದರಿಗೆ ತಂದು, ಜುನ್ನರದ ಮಾರ್ಗವಾಗಿ ಬಹಮನಿಗಳ ರಾಜಧಾನಿ ಬೀದರಕ್ಕೆ ಬಂದ. ಜುನ್ನರದ ಅಧಿಕಾರಿ ಕುದುರೆಯನ್ನು ಕಿತ್ತುಕೊಂಡಿದ್ದ; ಕಷ್ಟದಿಂದ ಅದು ಮರಳಿ ಸಿಕ್ಕಿತು. ವರ್ಷಪೂರ್ತಿ ಸಾಕಿ ಕೊನೆಗೆ ಬೀದರದಲ್ಲೇ ಮಾರಿದ. ಸಾಕಿದ್ದಕ್ಕೆ ಆದ ಖರ್ಚನ್ನೂ ತನ್ನ ‘ಮೂರು ಸಮುದ್ರಗಳಾಚೆಯ ಪಯಣ’ದಲ್ಲಿ ಬರೆದಿಟ್ಟಿದ್ದಾನೆ. ಆಳಂದದ ಜಾತ್ರೆಗೆ ಇಪ್ಪತ್ತು ಸಾವಿರದವರೆಗೆ ಕುದುರೆಗಳು ಮಾರಾಟಕ್ಕೆ ಬರುತ್ತವೆ, ಇಲ್ಲಿನವರು ಕುದುರೆಗೆ ಕಡಲೆಯಂಥ ಕಾಳು ತಿನ್ನಿಸುತ್ತಾರೆ, ಖಿಚಡಿ ಬೇಯಿಸಿ ಹಾಕುತ್ತಾರೆ ಎಂದೂ ಬರೆದ. ಅವನ ಇನ್ನೊಂದು ಮಾತು ಹೆಚ್ಚು ಯೋಚನೆಗೆ ಹಚ್ಚುವಂಥದ್ದು: ಈ ನೆಲದಲ್ಲಿ ಎತ್ತು, ಎಮ್ಮೆ ಹುಟ್ಟುತ್ತವೆಯೇ ಹೊರತು ಕುದುರೆ ಹುಟ್ಟುವುದಿಲ್ಲ.

ಅದು ಪೂರ್ತಿ ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ. ವಿಜಯನಗರದ ಅರಸರು ಪ್ರತಿ ವರ್ಷ ಹದಿಮೂರು ಸಾವಿರ ಕುದುರೆ ಕೊಳ್ಳುತ್ತಿದ್ದರೆಂದು ಪೋರ್ಚುಗೀಸ್ ಪ್ರವಾಸಿ ನ್ಯೂನಿಜ್ ಬರೆದಿದ್ದಾನೆ. ಅವುಗಳಲ್ಲಿ ಓರ್ಮುಜ್‌ನಿಂದ ಬಂದವೂ ಇದ್ದವು, ನಾಡಿನಲ್ಲೇ ಹುಟ್ಟಿದವೂ ಇದ್ದವು. ಭೀಮಾ ಕಣಿವೆಯಲ್ಲಿ ಮರಾಠಾ ದಂಡಿಗೆ ಹೆಸರು ತಂದ ಗಟ್ಟಿಮುಟ್ಟಾದ ಕುಳ್ಳ ಕುದುರೆ ಇದೇ ದಖ್ಖನಿನದು. ಕುರಿಮಂದೆಯ ಜೊತೆ ಅಲೆಯುವ ಧನಗರರು ಬಿಡಾರದ ಸಾಮಾನು ಹೊರಿಸಲು ಅದನ್ನು ಉಳಿಸಿಕೊಂಡು ಬಂದರು. ಇತ್ತೀಚೆಗೆ ಅದು ‘ಭೀಮಥಡಿ’ ಎಂಬ ಹೆಸರಿನಲ್ಲಿ ದೇಶದ ಅಧಿಕೃತ ತಳಿಗಳ ಪಟ್ಟಿಗೆ ಸೇರಿದೆ. ಮೈಸೂರು ಸೀಮೆಯಲ್ಲಿ ಹೈದರ್–ಟಿಪ್ಪು ಕಾಲಕ್ಕೆ ನಂಟಿರುವ ಕುಣಿಗಲ್ ಕುದುರೆ ಫಾರಂ ಇದೆ. ನಾನೂರು ಎಕರೆಗೂ ಮಿಕ್ಕಿದ ಆ ಫಾರಂ ಸೈನ್ಯದ ಕುದುರೆಗಳಿಂದ ರೇಸಿನ ಥರೋಬ್ರೆಡ್ ತಳಿಯವರೆಗೆ ಬೆಳೆದು, 1992ರಲ್ಲಿ ಖಾಸಗಿ ಗುತ್ತಿಗೆಗೆ ಹೋಯಿತು. ಹಣಕ್ಕಿಂತ ಹೆಚ್ಚಾಗಿ ಕೊರತೆಯಾಗಿದ್ದದ್ದು ತಳಿಸಾಕಣೆಯ ತಾಳ್ಮೆ ಎಂದು ಈ ಚರಿತ್ರೆಯನ್ನು ನೋಡಿದರೆ ಅನ್ನಿಸುತ್ತದೆ. ದಂಡಿಗೆ ಇಂದೇ ಕುದುರೆ ಬೇಕು. ಫಾರಮ್ಮಿನ ಕುದುರೆ ಸವಾರಿಗೆ ಬರುವುದು ನಾಲ್ಕು ವರ್ಷದ ಮೇಲೆ.

ಆ ನಾಲ್ಕು ವರ್ಷ ಶುರುವಾಗುವುದು ಬೆದೆಯಿಂದ. ದನಕ್ಕೆ ವರ್ಷವಿಡೀ ಬೆದೆ ಬರುತ್ತದೆ. ಕುದುರೆಗೆ ಹಗಲು ಉದ್ದವಾಗುತ್ತಾ ಹೋಗುವ ಕಾಲವೇ ಒಗ್ಗಿದ ಕಾಲ. ಚಳಿ ಕಳೆದ ಮೇಲೆ 21–22 ದಿನಕ್ಕೊಮ್ಮೆ ಬರುವ ಬೆದೆ ಐದರಿಂದ ಏಳು ದಿನ ಇರುತ್ತದೆ. ಅದರ ಕೊನೆಯ ಒಂದೆರಡು ದಿನಗಳಲ್ಲಿ ಅಂಡ ಬಿಡುಗಡೆಯಾಗುತ್ತದೆ. ದಿನ ಗುರುತಿಸಲು ಗಂಡುಕುದುರೆಯನ್ನು ಬೇಲಿಯ ಆಚೆ ನಿಲ್ಲಿಸುತ್ತಾರೆ. ಒಪ್ಪದ ಹೆಣ್ಣು ಕಿವಿ ಹಿಂದಕ್ಕೆ ಒತ್ತಿ ಒದೆಯುತ್ತದೆ. ಬೆದೆಗೆ ಬಂದದ್ದು ಬಾಲ ಎತ್ತಿ ಅಲ್ಲೇ ನಿಲ್ಲುತ್ತದೆ. ಕೂಡಿಸುವಾಗ ಹೆಣ್ಣಿನ ಬಾಲಕ್ಕೆ ಬಟ್ಟೆ ಸುತ್ತಿ, ಹಿಂಗಾಲು ಒದೆಯದಂತೆ ಪಟ್ಟಿ ಕಟ್ಟಿ, ಎರಡಕ್ಕೂ ಒಬ್ಬೊಬ್ಬರು ನಿಲ್ಲುತ್ತಾರೆ. ಒಂದು ಒದೆತಕ್ಕೆ ಗಂಡಿನ ಇಡೀ ಋತು ಹಾಳಾದೀತು. ಹದಿನಾಲ್ಕು–ಹದಿನಾರನೇ ದಿನ ಸ್ಕ್ಯಾನ್ ಮಾಡಿಸಿದರೆ ಗಬ್ಬ ನಿಂತಿದೆಯೇ ಎಂದು ತಿಳಿಯುತ್ತದೆ. ಅವಳಿ ಕಂಡರೆ ವೈದ್ಯರು ಆಗಲೇ ಒಂದನ್ನು ತೆಗೆಯುತ್ತಾರೆ. ಕುದುರೆಯ ಗರ್ಭಕೋಶ ಎರಡನ್ನು ಸಾಕಲಾರದು. ಬಿಟ್ಟರೆ ಸಾಮಾನ್ಯವಾಗಿ ಎರಡೂ ಕೈಬಿಡುತ್ತವೆ.

ನಾಡತಳಿಗಳಲ್ಲಿ ಕೃತಕ ಗರ್ಭಧಾರಣೆಗೆ ಅಡ್ಡಿಯಿಲ್ಲ. ಥರೋಬ್ರೆಡ್ ತಳಿಯಲ್ಲಿ ಮಾತ್ರ ಸಹಜ ಕೂಡಿಕೆಯಿಂದ ಹುಟ್ಟಿದ ಮರಿಗಷ್ಟೇ ದಾಖಲಾತಿ. ಹಿಸಾರದಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದ ಬಿಕಾನೇರ ಕ್ಷೇತ್ರದಲ್ಲಿ 2023ರ ಮೇ ತಿಂಗಳಲ್ಲಿ ಭ್ರೂಣ ವರ್ಗಾವಣೆಯಿಂದ ಮಾರವಾಡಿ ತಳಿಯ ಮರಿಯೊಂದು ಹುಟ್ಟಿತು. ಇಂಥ ವಿದ್ಯೆ ಸಣ್ಣ ಫಾರಮ್ಮಿನ ಬಾಗಿಲಿಗೆ ಬಂದ ದಿನ ದಖ್ಖನಿನ ತಳಿಗೂ ಬಲ ಬರುತ್ತದೆ.

ಗಬ್ಬದ ಕೊನೆಯ ಮೂರು ತಿಂಗಳು ಮರಿ ಬೇಗ ಬೇಗ ಬೆಳೆಯುವ ಕಾಲ. ಕಾಳು, ಖನಿಜ, ಉಪ್ಪು ಹೆಚ್ಚಿಸಬೇಕು. ಈಯುವ ತಿಂಗಳ ಮೊದಲು ಧನುರ್ವಾಯು ಲಸಿಕೆ ಹಾಕಿಸಿದರೆ ಅದರ ರಕ್ಷೆ ಗಿಣ್ಣಿನ ಮೂಲಕ ಮರಿಗೂ ಹೋಗುತ್ತದೆ. ಕೆಚ್ಚಲು ತುಂಬಿ, ಮೊಲೆತುದಿಯಲ್ಲಿ ಮೇಣದಂಥ ಹನಿ ಕಟ್ಟಿದರೆ ಒಂದೆರಡು ದಿನದಲ್ಲಿ ಈಯುತ್ತದೆ. ಆಗ ಫಾರಮ್ಮಿನವರು ನಿದ್ದೆ ಬಿಡುತ್ತಾರೆ, ಏಕೆಂದರೆ ಕುದುರೆಗಳು ಹೆಚ್ಚಾಗಿ ಈಯುವುದು ರಾತ್ರಿ, ಸುತ್ತ ಸದ್ದಿಲ್ಲದಾಗ. ಜನ ಹತ್ತಿರ ಸುಳಿದಾಡಿದರೆ ನೋವನ್ನು ತಡೆಹಿಡಿದುಕೊಳ್ಳುವ ಶಕ್ತಿ ಅದಕ್ಕಿದೆ. ಹೀಗಾಗಿ ಕಾವಲಿರುವವರು ದೂರದಲ್ಲಿ, ಮಬ್ಬು ಬೆಳಕಿನಲ್ಲಿ ಕೂರುತ್ತಾರೆ.

ನೀರು ಒಡೆದ ಮೇಲೆ ಹೆರಿಗೆ ಇಪ್ಪತ್ತು ಮೂವತ್ತು ನಿಮಿಷದ ಕೆಲಸ. ಮುಂದಿನ ಎರಡು ಕಾಲು ಒಂದು ಸ್ವಲ್ಪ ಮುಂದೆ, ಒಂದು ಹಿಂದೆ. ಅವುಗಳ ಮೇಲೆ ಮೂತಿ. ಹೀಗಿದ್ದರೆ ಕೈ ಹಾಕಬೇಕಿಲ್ಲ. ಬಿಳಿ ಪೊರೆಯ ಬದಲು ಕೆಂಪು ಮಖಮಲ್ಲಿನಂಥ ಚೀಲ ಮೊದಲು ಕಂಡರೆ ಮಾಸು ಒಳಗೇ ಬಿಟ್ಟಿದೆ, ಮರಿಗೆ ಉಸಿರಿಲ್ಲ ಎಂದರ್ಥ. ವೈದ್ಯರಿಗೆ ಕಾಯದೆ ಆ ಕ್ಷಣವೇ ಚೀಲ ಹರಿದು ಮರಿಯನ್ನು ಎಳೆದುಕೊಳ್ಳಬೇಕು. ಆಮೇಲಿನ ಲೆಕ್ಕ ಸುಲಭವಾಗಿ ನೆನಪಿಡುವಂಥದ್ದು: ಒಂದು ಗಂಟೆಯಲ್ಲಿ ಮರಿ ನಿಲ್ಲಬೇಕು, ಎರಡು ಗಂಟೆಯಲ್ಲಿ ಮೊಲೆ ಹಿಡಿಯಬೇಕು, ಮೂರು ಗಂಟೆಯಲ್ಲಿ ಮಾಸು ಬೀಳಬೇಕು. ಮೂರರಲ್ಲಿ ಒಂದು ತಪ್ಪಿದರೂ ವೈದ್ಯರು ಬೇಕು.

ಮೊಲೆ ಹಿಡಿಯುವುದು ಬರೀ ಹಸಿವಿನ ಮಾತಲ್ಲ. ಮನುಷ್ಯರ ಕೂಸಿಗೆ ತಾಯಿಯ ರಕ್ತದಿಂದಲೇ ಒಂದಷ್ಟು ರೋಗರಕ್ಷೆ ದೊರೆತಿರುತ್ತದೆ. ಕುದುರೆಮರಿ ಆ ರಕ್ಷೆಯಿಲ್ಲದೆ ಹುಟ್ಟುತ್ತದೆ. ಗಿಣ್ಣುಹಾಲಿನಲ್ಲಿ ಇರುವುದನ್ನು ಕರುಳು ಹೀರಿಕೊಳ್ಳುವುದು ಮೊದಲ ಒಂದು ದಿನ ಮಾತ್ರ, ಅದರಲ್ಲೂ ಮೊದಲ ಆರೆಂಟು ಗಂಟೆ ಚೆನ್ನಾಗಿ. ಹೊಕ್ಕುಳಿಗೆ ಔಷಧ ಅದ್ದಿ, ಮರಿಯ ಮೊದಲ ಕಪ್ಪು ಲದ್ದಿ ಬಿದ್ದದ್ದನ್ನು ಕಣ್ಣಾರೆ ಕಂಡ ಮೇಲೆಯೇ ಆ ರಾತ್ರಿಯ ಕಾವಲು ಮುಗಿಯುವುದು. ನಾಯಿಗಳ ಕಾಟವಿರುವ ಊರಲ್ಲಿ ಮರಿಯನ್ನೂ ತಾಯಿಯನ್ನೂ ಕೆಲವು ದಿನ ಒಳಗೇ ಇಡುತ್ತಾರೆ.

ಏಳರಿಂದ ಹತ್ತನೇ ದಿನಕ್ಕೆ ತಾಯಿಗೆ ಮತ್ತೆ ಬೆದೆ ಬರುತ್ತದೆ, ಹೆಚ್ಚುಕಮ್ಮಿ ಅದೇ ದಿನಗಳಲ್ಲಿ ಮರಿಗೆ ಸ್ವಲ್ಪ ಭೇದಿಯಾಗುತ್ತದೆ. ಮರಿ ತಾಯಿಯ ಹೊಸ ಲದ್ದಿ ತಿನ್ನುವುದು ನೋಡಿ ಹೊಸಬರು ಹೆದರುತ್ತಾರೆ. ಅದು ರೋಗವಲ್ಲ, ಹುಲ್ಲು ಅರಗಿಸಲು ಬೇಕಾದ ಸೂಕ್ಷ್ಮಜೀವಿಗಳು ಹಾಗೆ ಅದರ ಹೊಟ್ಟೆ ಸೇರುತ್ತವೆ. ಹುಟ್ಟಿದ ವಾರದಿಂದಲೇ ಮೈ ಮುಟ್ಟಿಸಿಕೊಳ್ಳುವ, ಕಾಲು ಎತ್ತಿಸಿಕೊಳ್ಳುವ ಅಭ್ಯಾಸ ಮಾಡಿಸಬೇಕು. ನಲವತ್ತು ಐವತ್ತು ಕಿಲೋ ಇದ್ದಾಗ ಕಲಿಯದ್ದನ್ನು ಮುನ್ನೂರು ಕಿಲೋ ಆದಾಗ ಕಲಿಸುವುದು ಅಪಾಯ. ಐದಾರು ತಿಂಗಳಿಗೆ ಹಾಲು ಬಿಡಿಸುತ್ತಾರೆ. ಒಂಟಿಯಾಗಿ ಕಟ್ಟಿದರೆ ಮರಿ ಮೇವು ಬಿಟ್ಟು ಕೆನೆಯುತ್ತಲೇ ಇರುತ್ತದೆ. ಇನ್ನೊಂದು ಮರಿಯ ಅಥವಾ ವಯಸ್ಸಾದ ಸಾಧು ಕುದುರೆಯ ಜೊತೆ ಬಿಟ್ಟರೆ ಬೇಗ ಒಗ್ಗುತ್ತದೆ.

ರೋಗಗಳಲ್ಲಿ ಈ ಭಾಗದವರು ಎರಡನ್ನು ಮರೆಯಬಾರದು. ಮಳೆಗಾಲದಲ್ಲಿ ಕಚ್ಚುವ ದೊಡ್ಡ ನೊಣಗಳಿಂದ ಸರ್ರಾ ಹರಡುತ್ತದೆ. ಬಂದುಹೋಗುವ ಜ್ವರ, ಬಾತ ಕಾಲು, ದಿನೇದಿನೇ ಇಳಿಯುವ ಮೈ ಅದರ ಗುರುತು. ಎರಡನೆಯದು ಗ್ಲ್ಯಾಂಡರ್ಸ್. ಅದು ಮನುಷ್ಯರಿಗೂ ಅಂಟುತ್ತದೆ, ಕುದುರೆಗಳಲ್ಲಿ ಅದಕ್ಕೆ ಲಸಿಕೆಯಿಲ್ಲ. ಸರಕಾರಕ್ಕೆ ತಿಳಿಸುವುದು ಕಡ್ಡಾಯ, ರೋಗ ಖಚಿತವಾದ ಕುದುರೆಯನ್ನು ದಯಾಮರಣಕ್ಕೆ ಒಪ್ಪಿಸಬೇಕಾಗುತ್ತದೆ. ಆದ್ದರಿಂದ ಜಾತ್ರೆಯಿಂದ ತಂದ ಹೊಸ ಕುದುರೆಯನ್ನು ರಕ್ತ ಪರೀಕ್ಷೆಯಾಗುವವರೆಗೆ ಬೇರೆಯೇ ಕಟ್ಟಿ, ಬಾನಿಯನ್ನೂ ಬೇರೆ ಇಡುವುದು ಜಾಣತನ.

ಮರಿ ಬೆಳೆದ ಮೇಲೆ ಹೋಗುವ ದಾರಿಗಳು ಕೆಲವೇ. ರೇಸಿನ ಲೋಕ ಥರೋಬ್ರೆಡ್ ತಳಿಗೆ ಮಾತ್ರ. ಉಳಿದವಕ್ಕೆ ಮದುವೆಯ ಮೆರವಣಿಗೆ, ಸವಾರಿ ಶಾಲೆ, ದೇವರ ಸೇವೆ. ಮೈಲಾರ, ಖಂಡೋಬಾ ಎಂದು ಈ ನಾಡು ಪೂಜಿಸುವ ದೇವರ ವಾಹನವೇ ಕುದುರೆ. ಗಡಿಯಾಚೆ ನಾಂದೇಡ ಜಿಲ್ಲೆಯ ಮಾಳೇಗಾಂವದಲ್ಲಿ ಮಾರ್ಗಶಿರ ಬಹುಳದಲ್ಲಿ ನಡೆಯುವ ಖಂಡೋಬಾ ಜಾತ್ರೆ ದನ, ಕತ್ತೆ, ಕುದುರೆಗಳ ದೊಡ್ಡ ಸಂತೆಯೂ ಹೌದು. ಕೊಳ್ಳುವವರು ಅಲ್ಲಿ ಮೊದಲು ಹಲ್ಲು ನೋಡಿ ವಯಸ್ಸು ಕಟ್ಟುತ್ತಾರೆ, ಸುಳಿ ನೋಡುತ್ತಾರೆ, ಓಡಿಸಿ ಕಾಲು ನೋಡುತ್ತಾರೆ. 2019ರ ಜಾನುವಾರು ಗಣತಿಯಂತೆ ದೇಶದಲ್ಲಿ ಉಳಿದಿದ್ದ ಕುದುರೆಗಳು ಸುಮಾರು 3.4 ಲಕ್ಷ, ಅದರ ಹಿಂದಿನ 2012ರ ಗಣತಿಗಿಂತ ಶೇ. 45ಕ್ಕೂ ಹೆಚ್ಚು ಕಡಿಮೆ. ಜಾತ್ರೆಯಿಂದ ಫಾರಮ್ಮಿಗೆ ಮರಳುವ ಹೊತ್ತಿಗೆ ಚಳಿ ಬಲಿತಿರುತ್ತದೆ. ಮಾರಿ ಬಂದ ಮರಿಯ ತಾಯಿ ಹಿಂದಿನ ಬೇಸಗೆಯಲ್ಲಿ ನಿಂತ ಗಬ್ಬದ ಕೊನೆಯ ತಿಂಗಳುಗಳಲ್ಲಿರುತ್ತದೆ. ಅದರ ಕಾಳಿನ ಅಳತೆ ಹೆಚ್ಚಿಸುವ ಕಾಲ ಅದು.