ಹೊಸ ಬ್ಯಾಟರಿ ಹಾಕಿದರೂ ಕಾರು ಸ್ಟಾರ್ಟ್ ಆಗಲಿಲ್ಲ, ಯಾಕೆ?



ನಿಮ್ಮ ಮನೆಯಲ್ಲಿ ಬಾಡಿಗೆಗೆ ಓಡಿಸುವ ಕಾರು ಇದೆ ಅನ್ನಿ. ಬ್ಯಾಟರಿ ಹಳೆಯದಾಯ್ತು. ಸಾವಿರಾರು ರೂಪಾಯಿ ಕೊಟ್ಟು ಹೊಸದು ತಂದು ಹಾಕಿದ್ದಾಯ್ತು. ಬೆಳಿಗ್ಗೆ ಬಾಡಿಗೆ ಬಂದಿದೆ. ಕೀಲಿ ತಿರುಗಿಸಿದರೆ ಕಾರು ಸ್ಟಾರ್ಟ್ ಆಗೋದೇ ಇಲ್ಲ! "ಅಂಗಡಿಯವನು ಮೋಸ ಮಾಡಿದ" ಅಂತ ಮನೆಯಲ್ಲಿ ಕೂಗಾಟ ಶುರು. ಕೆಲವರು ಇನ್ನೊಂದು ಬ್ಯಾಟರಿಗೆ ದುಡ್ಡು ಸುರಿಯುತ್ತಾರೆ. ಸ್ವಲ್ಪ ತಡೆಯಿರಿ. ದುಡ್ಡು ಕೊಡುವ ಮುಂಚೆ ನಾವೇ ನೋಡಬಹುದಾದ ಸಂಗತಿಗಳಿವೆ.

ಬ್ಯಾಟರಿ ಏನು ಮಾಡುತ್ತೆ?

ಕಾರಿನ ಬ್ಯಾಟರಿ 12 ವೋಲ್ಟಿನದು. ಅದರೊಳಗೆ ಸೀಸದ ಫಲಕಗಳು ಮತ್ತು ಆಸಿಡ್ ಇರುತ್ತವೆ. ಕೀಲಿ ತಿರುಗಿಸಿದಾಗ ಬ್ಯಾಟರಿಯ ಕರೆಂಟು ಸ್ಟಾರ್ಟರ್ ಮೋಟಾರಿಗೆ ಹೋಗುತ್ತೆ. ಆ ಮೋಟಾರು ಎಂಜಿನ್ನನ್ನು ತಿರುಗಿಸುತ್ತೆ.

ಬಾವಿಯಲ್ಲಿ ನೀರಿದೆ. ಆದರೆ ಹಗ್ಗ ಕಿತ್ತುಹೋದರೆ ಕೊಡ ಮೇಲೆ ಬರುತ್ತಾ? ಇದೂ ಹಾಗೆಯೇ. ವೈರು ಸರಿಯಾಗಿ ಕೂರದಿದ್ದರೆ ಕರೆಂಟು ಮೋಟಾರಿಗೆ ತಲುಪೋದಿಲ್ಲ.

ಮೊದಲು ಜೋಪಾನ

ಕಾರು ಆಫ್ ಮಾಡಿ, ಕೀಲಿ ತೆಗೆಯಿರಿ. ಲೋಹದ ಬಳೆ, ಉಂಗುರ ತೆಗೆದಿಡಿ. ಬಳೆಯೋ ಸ್ಪ್ಯಾನರೋ ಬ್ಯಾಟರಿಯ ಎರಡು ತುದಿಗೂ ಒಟ್ಟಿಗೆ ತಾಗಿದರೆ ಕಿಡಿ ಹಾರಿ ಕೈ ಸುಡುತ್ತೆ. ಸೆರಗು ಬಿಗಿಯಾಗಿ ಸಿಕ್ಕಿಸಿ. ಹತ್ತಿರ ಬೀಡಿ, ದೀಪ ಬೇಡ. ಬ್ಯಾಟರಿಯಿಂದ ಬರುವ ಗ್ಯಾಸು ಬೆಂಕಿಗೆ ಸಿಡಿಯಬಹುದು. ಆಸಿಡ್ ಮೈಗೆ ತಾಗಿದರೆ ತುಂಬಾ ಹೊತ್ತು ನೀರಿನಲ್ಲಿ ತೊಳೆಯಿರಿ. ಕಣ್ಣಿಗೆ ಬಿದ್ದರೆ ಚೆನ್ನಾಗಿ ತೊಳೆದು, ಕೂಡಲೇ ಆಸ್ಪತ್ರೆಗೆ ಹೋಗಿ.

ಕಣ್ಣಿನಿಂದ ನೋಡಿ

1. ವೈರಿನ ತುದಿಯಲ್ಲಿರುವ ಕ್ಲಾಂಪನ್ನು ಅಲುಗಾಡಿಸಿ ನೋಡಿ. ಅಲುಗಿದರೆ ಸಡಿಲ ಇದೆ ಅಂತ ಅರ್ಥ. ಸ್ಪ್ಯಾನರಿನಿಂದ ಬಿಗಿ ಮಾಡಿ. ಎಷ್ಟೋ ಸಲ ತೊಂದರೆ ಇಲ್ಲೇ ಇರುತ್ತೆ.

2. ಕ್ಲಾಂಪಿನ ಮೇಲೆ ಬಿಳಿ ಅಥವಾ ಹಸಿರು ಪುಡಿ ಕೂತಿದೆಯಾ? ಕ್ಲಾಂಪು ಬಿಚ್ಚಿ, ಅಡುಗೆ ಸೋಡಾ ಕಲಸಿದ ನೀರಿನಿಂದ ಉಜ್ಜಿ. ಒರೆಸಿ, ಒಣಗಿಸಿ ಹಾಕಿ. ಸೋಡಾ ನೀರು ಬ್ಯಾಟರಿಯ ಒಳಗೆ ಹೋಗಬಾರದು. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ.

3. ಮೈನಸ್ ವೈರಿನ ಇನ್ನೊಂದು ತುದಿ ಕಾರಿನ ಬಾಡಿಗೆ ಬೋಲ್ಟ್ ಆಗಿರುತ್ತೆ. ಅದಕ್ಕೆ ಅರ್ಥ್ ಅಂತಾರೆ. ಅಲ್ಲಿ ತುಕ್ಕು ಹಿಡಿದಿದ್ದರೂ ಕಾರು ಸ್ಟಾರ್ಟ್ ಆಗಲ್ಲ.

4. ಬ್ಯಾಟರಿಯ ಮೇಲೆ + ಮತ್ತು − ಗುರುತು ಇದೆ. ವೈರುಗಳು ಅದಲುಬದಲು ಆಗಿವೆಯಾ? ಆಗಿದ್ದರೆ ಮತ್ತೆ ಕೀಲಿ ತಿರುಗಿಸಲೇಬೇಡಿ. ಫ್ಯೂಸು ಸುಟ್ಟಿರಬಹುದು. ಎಲೆಕ್ಟ್ರಿಷಿಯನ್ ಕರೆಸಿ.

ಕಿವಿಗೊಟ್ಟು ಕೇಳಿ

ಈಗ ಕೀಲಿ ತಿರುಗಿಸಿ.

ದೀಪವೂ ಇಲ್ಲ, ಸದ್ದೂ ಇಲ್ಲ: ಕ್ಲಾಂಪು ಅಥವಾ ಫ್ಯೂಸು ನೋಡಿಸಿ.

"ಟಕ್ ಟಕ್ ಟಕ್" ಸದ್ದು, ದೀಪ ಮಂಕು: ಕರೆಂಟು ಸಾಲುತ್ತಿಲ್ಲ. ಕ್ಲಾಂಪು ಬಿಗಿ ಇದ್ದರೆ ಬ್ಯಾಟರಿಯಲ್ಲಿ ಚಾರ್ಜು ಕಡಿಮೆ ಇರಬಹುದು. ಅಂಗಡಿಯಲ್ಲಿ ಬಹಳ ದಿನ ಇಟ್ಟ ಹೊಸ ಬ್ಯಾಟರಿಯೂ ಚಾರ್ಜು ಕಳೆದುಕೊಳ್ಳುತ್ತೆ.

ದೀಪ ಚೆನ್ನಾಗಿದೆ, ಒಂದೇ ಸಲ "ಟಕ್" ಅಂದು ಸುಮ್ಮನಾಯ್ತು: ಸ್ಟಾರ್ಟರ್ ಮೋಟಾರು ಕೆಟ್ಟಿರಬಹುದು.

ಎಂಜಿನ್ ಜೋರಾಗಿ ತಿರುಗುತ್ತೆ, ಆದರೂ ಸ್ಟಾರ್ಟ್ ಆಗಲ್ಲ: ಬ್ಯಾಟರಿ ತನ್ನ ಕೆಲಸ ಮಾಡಿದೆ. ಡೀಸೆಲ್ ಅಥವಾ ಪೆಟ್ರೋಲ್ ಇದೆಯಾ, ಬರುತ್ತಿದೆಯಾ ನೋಡಿಸಿ.

ಒಂದೇ ಸಮ ಕೀಲಿ ಹಿಡಿಯಬೇಡಿ. ಐದಾರು ಸೆಕೆಂಡು ಸಾಕು. ಒಂದು ನಿಮಿಷ ಬಿಟ್ಟು ಮತ್ತೆ ನೋಡಿ.

ಅಂಗಡಿಗೆ ಹೋದಾಗ

ಮೀಟರ್ ಇಟ್ಟು ನಿಮ್ಮ ಎದುರಿಗೇ ತೋರಿಸಲು ಹೇಳಿ. ಸುಮಾರು 12.6 ವೋಲ್ಟ್ ಬಂದರೆ ಚಾರ್ಜು ತುಂಬಿದೆ. 12ಕ್ಕಿಂತ ಕಡಿಮೆ ಇದ್ದರೆ ಚಾರ್ಜ್ ಮಾಡಿಸಿ, ಮತ್ತೆ ಪರೀಕ್ಷೆ ಮಾಡಿಸಿ. ಬ್ಯಾಟರಿಯೇ ಕೆಟ್ಟಿದ್ದರೆ ವಾರಂಟಿ ಕೇಳಿ. ಅದಕ್ಕೆ ಬಿಲ್ಲು, ವಾರಂಟಿ ಕಾರ್ಡು ಬೇಕು. ಕೊಂಡ ದಿನವೇ ಕಾರ್ಡಿನ ಮೇಲಿನ ತಾರೀಕು, ಬ್ಯಾಟರಿಯ ನಂಬರು, ಅಂಗಡಿಯ ಸೀಲು ನೀವೇ ಓದಿ ನೋಡಿ. ಬ್ಯಾಟರಿಯ ಮೇಲಿನ ನಂಬರೂ ಕಾರ್ಡಿನ ನಂಬರೂ ಒಂದೇ ಇರಬೇಕು.

ಹಳೇ ಬ್ಯಾಟರಿಯನ್ನು ಮನೆಯಲ್ಲಿ ಒಡೆಯಬೇಡಿ. ಸೀಸ ವಿಷ. ಮಕ್ಕಳ ಬುದ್ಧಿ ಬೆಳವಣಿಗೆಗೇ ಕೆಡುಕು. ಹೊಸದು ಕೊಂಡ ಅಂಗಡಿಗೇ ಹಳೆಯದನ್ನು ಕೊಡಿ. ಅದರ ಬೆಲೆ ಬಿಲ್ಲಿನಲ್ಲಿ ಕಳೆದಿದ್ದಾರಾ, ಲೆಕ್ಕ ನೋಡಿ.

ಓದಿದಿರಲ್ಲ, ಈಗ ಹೇಳಿ

1. ಬ್ಯಾಟರಿ ಮುಟ್ಟುವ ಮುಂಚೆ ಬಳೆ ಯಾಕೆ ತೆಗೆಯಬೇಕು?
2. ವೈರು ಬಿಚ್ಚುವಾಗ ಯಾವುದು ಮೊದಲು?
3. ನಿಮ್ಮ ಮನೆಯ ಯಾವುದಾದರೂ ವಾರಂಟಿ ಕಾರ್ಡು ತಂದು, ಅದರ ತಾರೀಕು ಓದಿ.