ಮನೆಪಾಠ ಮತ್ತು ಮಕ್ಕಳ ಸ್ವಂತ ಓದು

ಸಂಜೆಯಾಯಿತೆಂದರೆ ಶಾಲೆಯಿಂದ ಬಂದ ಮಕ್ಕಳು ಅದೇ ಚೀಲ ಹೊತ್ತು ಮನೆಪಾಠಕ್ಕೆ ಹೊರಡುವುದನ್ನು ನಾವು ಪ್ರತಿ ಊರಿನಲ್ಲಿಯೂ ಕಾಣುತ್ತೇವೆ. ಹೊಟ್ಟೆ ಬಟ್ಟೆ ಕಟ್ಟಿ ಶುಲ್ಕ ತೆರುವ ತಂದೆತಾಯಿಗಳು "ಎಷ್ಟು ಅಂಕ ಬಂತು?" ಎಂದು ಕೇಳುತ್ತಾರೆ. "ನೀನಾಗಿಯೇ ಓದುವುದನ್ನು ಕಲಿತೆಯಾ?" ಎಂದು ಕೇಳುವವರು ವಿರಳ. ಮನೆಪಾಠದ ನಿಜವಾದ ಬೆಲೆ ತಿಳಿಯುವುದು ಈ ಎರಡನೆಯ ಪ್ರಶ್ನೆಯಿಂದಲೇ.

ತುಂಬಿದ ತರಗತಿಯಲ್ಲಿ ಗುರುಗಳು ಎಷ್ಟೇ ಶ್ರದ್ಧಾವಂತರಾದರೂ ಒಬ್ಬೊಬ್ಬರ ತಪ್ಪಿನ ಬೇರನ್ನು ಹುಡುಕುವುದು ಕಷ್ಟ. ಹತ್ತನೆಯ ತರಗತಿಯ ಬೀಜಗಣಿತದಲ್ಲಿ ಸೋಲುವ ಬಾಲಕನು ಆವರಣ ಬಿಡಿಸುವಾಗ ಋಣಚಿಹ್ನೆಯಲ್ಲಿ ಎಡವುತ್ತಿರಬಹುದು. ಅದು ಕೆಳತರಗತಿಯಲ್ಲಿಯೇ ಕಲಿಯದೆ ಉಳಿದ ಪಾಠ. ಪಕ್ಕದಲ್ಲಿ ಕುಳಿತು ಅವನ ಲೆಕ್ಕವನ್ನು ಸಾಲುಸಾಲಾಗಿ ನೋಡುವ ಉಪಾಧ್ಯಾಯರಿಗೆ ಆ ದೋಷ ಬೇಗನೆ ಗೋಚರಿಸುತ್ತದೆ. ನಾಲ್ವರ ಮುಂದೆ ಸಂದೇಹ ಕೇಳಲು ನಾಚುವ ಮಗುವೂ ಅಲ್ಲಿ ಬಾಯಿ ಬಿಡುತ್ತದೆ.

ಒಳ್ಳೆಯ ಮನೆಪಾಠ ಇಲ್ಲಿಗೇ ನಿಲ್ಲುವುದಿಲ್ಲ. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾವೇ ಬಾಯಿಪಾಠ ಮಾಡಿ ಪರೀಕ್ಷಿಸಿ, ಹೀಗೆ ಕಲಿತದ್ದರಲ್ಲಿ ಬಹುಭಾಗ ಮೊದಲ ದಿನದಲ್ಲಿಯೇ ಮರೆತುಹೋಗುವುದೆಂದು 1885ರಲ್ಲಿ ಪ್ರಕಟಿಸಿದರು. ಆದುದರಿಂದ ಪಾಠವನ್ನು ಮರುದಿನ, ವಾರದ ಮೇಲೆ, ತಿಂಗಳ ಮೇಲೆ ಮತ್ತೆ ಮೆಲುಕು ಹಾಕಬೇಕು. ಪುಸ್ತಕ ಮುಚ್ಚಿಟ್ಟು ಓದಿದ್ದನ್ನು ಸ್ವಂತ ಮಾತಿನಲ್ಲಿ ಹೇಳಬೇಕು. ಮಾಡಿದ ತಪ್ಪುಗಳನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ತಿದ್ದಿಕೊಳ್ಳಬೇಕು. ಈ ಅಭ್ಯಾಸಗಳನ್ನು ನೆಲೆಗೊಳಿಸುವ ಉಪಾಧ್ಯಾಯರು ದೊರೆತರೆ ತೆತ್ತ ಹಣ ಸಾರ್ಥಕ. ಸಿದ್ಧ ಉತ್ತರಗಳನ್ನು ಬರೆಯಿಸಿ ಉರು ಹೊಡೆಸುವಲ್ಲಿ ಅಂಕ ಬಂದರೂ ವಿದ್ಯೆ ಬಾರದು.

ಬಸವಾದಿ ಶರಣರು ಕಾಯಕಕ್ಕೆ ಹಿರಿಮೆ ತಂದವರು. ವಿದ್ಯಾರ್ಥಿಗೆ ಓದೇ ಕಾಯಕ. ಒಬ್ಬರ ಕಾಯಕವನ್ನು ಮತ್ತೊಬ್ಬರು ಮಾಡಿಕೊಡಲಾಗದು. ಗುರುವು ದಾರಿ ತೋರಬಹುದು, ನಡೆಯಬೇಕಾದವನು ಶಿಷ್ಯನೇ.

ಶುಲ್ಕ ತೆರಲಾರದ ಮನೆಗಳ ಮಕ್ಕಳ ಗತಿಯೇನು? ಶಾಲಾ ಶಿಕ್ಷಕರು ಖಾಸಗಿ ಮನೆಪಾಠ ಮಾಡಬಾರದೆಂದು 2009ರ ಶಿಕ್ಷಣ ಹಕ್ಕು ಕಾಯಿದೆಯ 28ನೆಯ ಕಲಮು ವಿಧಿಸುತ್ತದೆ. ಆದರೆ ನಮ್ಮಲ್ಲಿ ನಿವೃತ್ತ ಗುರುಗಳಿದ್ದಾರೆ, ಪದವೀಧರ ತರುಣ ತರುಣಿಯರಿದ್ದಾರೆ. ತುಮಕೂರಿನ ಸಿದ್ಧಗಂಗೆಯಲ್ಲಿ ಲಿಂಗೈಕ್ಯ ಡಾ. ಶಿವಕುಮಾರ ಮಹಾಸ್ವಾಮಿಗಳು (1907–2019) ಜಾತಿಮತ ಎಣಿಸದೆ ಸಹಸ್ರಾರು ಮಕ್ಕಳಿಗೆ ಅನ್ನದೊಡನೆ ಅಕ್ಷರವನ್ನೂ ದಾಸೋಹವಾಗಿ ನೀಡಿದ ಆದರ್ಶ ನಮ್ಮ ಕಣ್ಣೆದುರಿಗಿದೆ. ಊರಿನ ಮಠದ ಪಡಸಾಲೆಯಲ್ಲಿಯೋ ಸಮುದಾಯ ಭವನದಲ್ಲಿಯೋ ದಿನಕ್ಕೊಂದು ಗಂಟೆ ನಾಲ್ಕಾರು ಮಕ್ಕಳನ್ನು ಕೂರಿಸಿಕೊಂಡು ಓದಿಸಿದರೆ ಅದೂ ಅಕ್ಷರದಾಸೋಹವೇ.

ಮಗುವಿಗೆ ಮನೆಪಾಠವೇ ಬೇಡವಾಗುವ ದಿನ ಬಂದಾಗ ಅದು ಸಫಲವಾಯಿತೆಂದು ತಿಳಿಯೋಣ. ಅಂತಹ ದಿನ ನಮ್ಮ ಮನೆಯ ಮಕ್ಕಳಂತೆ ನೆರೆಮನೆಯ ಮಕ್ಕಳಿಗೂ ಬರಲಿ.