ತೇಪೆ ನಿಂತ ಮೇಲೆ

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ಅಂದು ಯಾರ ಮನೆಯ ಕಂಪ್ಯೂಟರೂ ಕೆಟ್ಟು ನಿಲ್ಲಲಿಲ್ಲ. ಮರುದಿನವೂ ಮಕ್ಕಳು ಅದರಲ್ಲೇ ಪ್ರಾಜೆಕ್ಟ್ ಟೈಪ್ ಮಾಡಿದರು, ದೊಡ್ಡವರು ಕರೆಂಟ್ ಬಿಲ್ ಕಟ್ಟಿದರು. ಹಾಗಾಗಿಯೇ ಇದನ್ನು ಯಾರೂ ತಲೆಗೆ ಹಚ್ಚಿಕೊಳ್ಳಲಿಲ್ಲ.

ಕೋಟ್ಯಂತರ ಸಾಲುಗಳ ತಂತ್ರಾಂಶದಲ್ಲಿ ತಪ್ಪುಗಳು ಉಳಿದೇ ಇರುತ್ತವೆ. ಅವುಗಳಲ್ಲಿ ಕೆಲವು ಹೊರಗಿನವರಿಗೆ ಒಳನುಗ್ಗುವ ದಾರಿಯಾಗುತ್ತವೆ. ಇವೇ ಭದ್ರತಾ ಲೋಪಗಳು. ಪ್ರತಿ ತಿಂಗಳ ಎರಡನೇ ಮಂಗಳವಾರ ಮೈಕ್ರೋಸಾಫ್ಟ್ ಇವುಗಳಿಗೆ ತೇಪೆ, ಅಂದರೆ ಪ್ಯಾಚ್, ಬಿಡುಗಡೆ ಮಾಡುತ್ತದೆ. ಬೆಂಬಲ ಮುಗಿಯಿತೆಂದರೆ ವಿಂಡೋಸ್ 10ಕ್ಕೆ ಈ ತೇಪೆಗಳು ಸಾಮಾನ್ಯವಾಗಿ ಬರುವುದು ನಿಂತಿತು ಎಂದರ್ಥ. ಆದರೆ ತೇಪೆಗೆ ಇನ್ನೊಂದು ಮುಖವೂ ಇದೆ. ತೇಪೆಗೆ ಮೊದಲಿನ ಕಡತವನ್ನು ನಂತರದ್ದರ ಜೊತೆ ಇಟ್ಟು ನೋಡಿದರೆ ಲೋಪ ಎಲ್ಲಿತ್ತೆಂದು ಬಲ್ಲವರಿಗೆ ಗೊತ್ತಾಗುತ್ತದೆ. ವಿಂಡೋಸ್ 10 ಮತ್ತು 11ರ ಒಳಗಿನ ಬಹುಭಾಗ ಒಂದೇ. ಹೀಗಾಗಿ 11ಕ್ಕೆ ಬರುವ ಎಷ್ಟೋ ತೇಪೆಗಳು 10ರಲ್ಲಿ ತೆರೆದೇ ಉಳಿದ ಬಾಗಿಲನ್ನು ತೋರಿಸಿಕೊಡುತ್ತವೆ. ಈ ಪಟ್ಟಿ ತಿಂಗಳಿಂದ ತಿಂಗಳಿಗೆ ಬೆಳೆಯುತ್ತದೆಯೇ ಹೊರತು ಕರಗುವುದಿಲ್ಲ.

ತೆರೆದೇ ಉಳಿದ ಬಾಗಿಲಿನ ಅಪಾಯ ಬರೀ ಊಹೆಯಲ್ಲ. 2017ರ ಮಾರ್ಚ್ 14ರಂದು ವಿಂಡೋಸ್‌ನ ಕಡತ ಹಂಚಿಕೆ ವ್ಯವಸ್ಥೆಯ ಒಂದು ಲೋಪಕ್ಕೆ ತೇಪೆ ಬಂತು. ಒಂದು ತಿಂಗಳಲ್ಲಿ ಆ ಲೋಪವನ್ನು ಬಳಸುವ 'ಎಟರ್ನಲ್ ಬ್ಲೂ' ಎಂಬ ಆಯುಧ ಬಹಿರಂಗವಾಯಿತು. ಮೇ 12ರಂದು ಅದನ್ನೇ ಏರಿಕೊಂಡು ಬಂದ 'ವಾನಾಕ್ರೈ' ಎಂಬ ಕುತಂತ್ರಾಂಶ ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು. ಅದು ಹರಡಲು ಯಾರೂ ಯಾವ ಲಿಂಕನ್ನೂ ಒತ್ತಬೇಕಿರಲಿಲ್ಲ. ಸಿಕ್ಕಿಬಿದ್ದವುಗಳಲ್ಲಿ ಹೆಚ್ಚಿನವು ವಿಂಡೋಸ್ 7 ಯಂತ್ರಗಳು, ಅಂದರೆ ತೇಪೆ ಬಂದು ಎರಡು ತಿಂಗಳಾಗುತ್ತಾ ಬಂದಿದ್ದರೂ ಹಾಕಿಕೊಳ್ಳದೆ ಇದ್ದಂಥವು. ತೇಪೆಯೇ ಬಾರದ ಯಂತ್ರದ ಗತಿಯನ್ನು ಇದರಿಂದ ಲೆಕ್ಕ ಹಾಕಬಹುದು.

ಆಂಟಿವೈರಸ್ ಇದೆಯಲ್ಲ ಎನ್ನುವವರಿದ್ದಾರೆ. ವಿಂಡೋಸ್ 10ರ ಡಿಫೆಂಡರ್‌ಗೆ ವೈರಸ್ ಗುರುತಿಸುವ ಮಾಹಿತಿಯನ್ನು 2028ರ ಅಕ್ಟೋಬರ್‌ವರೆಗೆ ಕೊಡುವುದಾಗಿ ಕಂಪನಿ ಹೇಳಿದೆ, ನಿಜ. ಆದರೆ ಅದು ಬಾಗಿಲಲ್ಲಿ ಮುಖ ನೋಡಿ ಒಳಬಿಡುವ ಕಾವಲುಗಾರ. ಹಿತ್ತಲ ಗೋಡೆಯ ಬಿರುಕು ಮುಚ್ಚುವುದು ಅವನ ಕೆಲಸವಲ್ಲ.

'ನಮ್ಮ ಮನೆಯ ಕಂಪ್ಯೂಟರಿನಲ್ಲಿ ಕದಿಯಲು ಏನಿದೆ?' ಎಂಬ ಮಾತಿಗೂ ಈಗ ಬೆಲೆಯಿಲ್ಲ. ಇಂದಿನ ಸ್ಪೈವೇರ್ ಹುಡುಕುವುದು ಬ್ರೌಸರ್ ನೆನಪಿಟ್ಟುಕೊಂಡ ಪಾಸ್‌ವರ್ಡ್‌ಗಳನ್ನು, ಜೊತೆಗೆ ಕುಕಿಗಳನ್ನು. ಒಮ್ಮೆ ಲಾಗಿನ್ ಆದ ಮೇಲೆ 'ಇವರು ಅವರೇ' ಎಂದು ಜಾಲತಾಣ ಬರೆದುಕೊಡುವ ಚೀಟಿಯೇ ಕುಕಿ. ಆ ಚೀಟಿ ಕಳ್ಳನ ಕೈಗೆ ಹೋದರೆ ಎಷ್ಟೋ ಕಡೆ ಅವನಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಬ್ಯಾಂಕು ಹಣ ಕಳಿಸುವಾಗ ಮತ್ತೆ ಒಟಿಪಿ ಕೇಳಬಹುದು. ಇಮೇಲ್ ಹಾಗೆ ಪದೇ ಪದೇ ಕೇಳುವುದಿಲ್ಲ. ಉಳಿದೆಲ್ಲ ಖಾತೆಗಳ ಪಾಸ್‌ವರ್ಡ್ ಬದಲಿಸುವ ಕೊಂಡಿ ಬಂದು ಬೀಳುವುದೂ ಇಮೇಲಿಗೇ. ಇಂಥ 'ಲುಮ್ಮಾ' ಎಂಬ ಒಂದೇ ಕುತಂತ್ರಾಂಶ 2025ರ ಮಾರ್ಚ್ ಮಧ್ಯದಿಂದ ಮೇ ಮಧ್ಯದವರೆಗಿನ ಎರಡು ತಿಂಗಳಲ್ಲಿ 3,94,000ಕ್ಕೂ ಹೆಚ್ಚು ವಿಂಡೋಸ್ ಕಂಪ್ಯೂಟರ್‌ಗಳಿಗೆ ತಗುಲಿದ್ದನ್ನು ಮೈಕ್ರೋಸಾಫ್ಟ್ ಪತ್ತೆಹಚ್ಚಿತು.

ಇದು ಬರುವ ದಾರಿಗಳು ತೀರಾ ಸಾಮಾನ್ಯ: ಪುಕ್ಕಟೆ ಸಿಗುವ 'ಕ್ರ್ಯಾಕ್' ತಂತ್ರಾಂಶ, ಆಟದ ಚೀಟ್ ಕಡತ, ಸುಳ್ಳು ಕ್ಯಾಪ್ಚಾ. 'ನೀವು ರೋಬೋ ಅಲ್ಲ ಎಂದು ತೋರಿಸಲು ವಿಂಡೋಸ್ ಕೀ ಜೊತೆ ಆರ್ ಒತ್ತಿ, ಪೇಸ್ಟ್ ಮಾಡಿ, ಎಂಟರ್ ಕೊಡಿ' ಎಂದು ಯಾವ ಅಸಲಿ ಕ್ಯಾಪ್ಚಾವೂ ಹೇಳುವುದಿಲ್ಲ. ಒಂದೇ ಕಂಪ್ಯೂಟರನ್ನು ಮನೆಮಂದಿಯೆಲ್ಲ ಬಳಸುವಲ್ಲಿ ಮಗನ ಆಟಕ್ಕೆ ಬಂದದ್ದು ಅಪ್ಪನ ಇಮೇಲನ್ನು ಹೊತ್ತೊಯ್ಯುತ್ತದೆ.

ಯಂತ್ರ ತಾಳುವುದಾದರೆ ವಿಂಡೋಸ್ 11ಕ್ಕೆ ಹೋಗಬೇಕು. ತಾಳದಿದ್ದರೆ, ಹೆಸರು ನೋಂದಾಯಿಸಿದ ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ತೇಪೆ ಕೊಡುವುದಾಗಿ ಕಂಪನಿ ಪ್ರಕಟಿಸಿತ್ತು; ಅದು ಉಸಿರಾಡಲು ಸಿಕ್ಕ ಬಿಡುವಷ್ಟೇ. ಹಳೆಯ ಯಂತ್ರದಲ್ಲೂ ಚೆನ್ನಾಗಿ ಓಡುವ ಲಿನಕ್ಸ್ ನನ್ನ ಮಟ್ಟಿಗೆ ಹೆಚ್ಚು ಬಾಳಿಕೆಯ ದಾರಿ. ಮಕ್ಕಳಿಗೆ ಅಡ್ಮಿನಿಸ್ಟ್ರೇಟರ್ ಅಧಿಕಾರವಿಲ್ಲದ ಬೇರೆ ಖಾತೆ ಮಾಡಿಕೊಡಿ. ಫೋಟೊ, ದಾಖಲೆಗಳ ಒಂದು ಪ್ರತಿ ಹೊರ ಹಾರ್ಡ್‌ಡಿಸ್ಕಿನಲ್ಲಿರಲಿ, ಕೆಲಸ ಮುಗಿದೊಡನೆ ಅದರ ತಂತಿ ಕಿತ್ತಿಡಿ. ಸೋಂಕಿನ ಅನುಮಾನ ಬಂದರೆ ಆ ಕಂಪ್ಯೂಟರಿನಲ್ಲೇ ಕೂತು ಪಾಸ್‌ವರ್ಡ್ ಬದಲಿಸಬೇಡಿ, ಹೊಸದೂ ಹೋಗುತ್ತದೆ. ಅದರ ಇಂಟರ್ನೆಟ್ ಕಡಿದು, ಬೇರೆ ಸಾಧನದಿಂದ ಮೊದಲು ಇಮೇಲಿನ ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಲಾಗೌಟ್ ಮಾಡಿ. ಕದ್ದ ಕುಕಿ ಸಾಮಾನ್ಯವಾಗಿ ರದ್ದಾಗುವುದು ಆ ಲಾಗೌಟ್‌ನಿಂದ.